ಹಂಸದ ಹೊಟ್ಟೆಗೆ ಬೇಗಡೆ

ಇಪ್ಪತ್ತೆರಡು ವರ್ಷದಲ್ಲಿ ನಾನು ಎಷ್ಟು ಹಂಸ ಕೊರೆದಿದ್ದೇನೋ ಆ ಕೊಟ್ರೇಶನಿಗೇ ಗೊತ್ತು. ಕೊಟ್ಟೂರಿನ ಸುತ್ತ ಮದುವೆ ಅಂದರೆ ಮಂಟಪದ ಎರಡೂ ಕಡೆ ಒಂದೊಂದು ಥರ್ಮಾಕೋಲ್ ಹಂಸ ಇರಲೇಬೇಕು, ಹಿಂದೆ ನವಿಲು, ಮೇಲೆ ಗಂಡು ಹೆಣ್ಣಿನ ಹೆಸರು. ಅಷ್ಟೂ ನನ್ನ ಕೈಕೆಲಸ. ಮರುದಿನ ಬೆಳಿಗ್ಗೆ ಅವೇ ಹಂಸಗಳು ಕಲ್ಯಾಣಮಂಟಪದ ಹಿಂದಿನ ತಿಪ್ಪೆಯಲ್ಲಿ ಕತ್ತು ಮುರಿದುಕೊಂಡು ಬಿದ್ದಿರುತ್ತವೆ. ಊರವರಿಗೆಲ್ಲ ಮಂಟಪ ಕಟ್ಟಿದ ಸುಕನ್ಯಾ ತನ್ನದೊಂದು ಕಟ್ಟಿಕೊಳ್ಳಲಿಲ್ಲ ಎಂದು ಹೆಂಗಸರು ಮುಸಿಮುಸಿ ನಗುತ್ತಾರೆ. ನಗಲಿ. ನನಗೆ ಸಿಟ್ಟು ಬರುವುದು ಅದಕ್ಕಲ್ಲ, ನನ್ನ ಹಂಸದ ಮೇಲೆ ಎಂಜಲೆಲೆ ಎಸೆಯುತ್ತಾರಲ್ಲ, ಅದಕ್ಕೆ.

ಕೆಲಸ ಕಲಿಸಿದವನು ಅಪ್ಪ. ಕರಿಸಿದ್ದಪ್ಪ ಡೆಕೋರೇಟರ್ಸ್ ಅಂದರೆ ಹಡಗಲಿಯಿಂದ ಹರಪನಹಳ್ಳಿಯವರೆಗೂ ಗೊತ್ತು. ಹೀಟರ್ ಕಾಯಿಲ್ ಬಿಚ್ಚಿ ನೆಟ್ಟಗೆ ಮಾಡಿದ ತಂತಿಯನ್ನು ಬಿದಿರಿನ ಬಿಲ್ಲಿಗೆ ಬಿಗಿದು, ಕರೆಂಟು ಕೊಟ್ಟು, ಆ ಬಿಸಿ ತಂತಿಯಿಂದ ಥರ್ಮಾಕೋಲನ್ನು ಬೆಣ್ಣೆಯ ಹಾಗೆ ಕೊಯ್ಯುವುದನ್ನು ಅವನಿಂದ ಕಲಿತೆ. ಜೊತೆಗೆ ಎರಡು ನಿಯಮಗಳನ್ನೂ ಕಲಿತೆ. ಮಂಟಪ ಮದುಮಕ್ಕಳ ಮೇಲೆ ಮಗುಚಬಾರದು, ಅದಕ್ಕೆ ಭಾರವೆಲ್ಲ ಹಿಂದಿರಬೇಕು. ಹಿಂಬದಿಗೆ ಮರಳಿನ ಚೀಲ ಇಡದೆ ಅಪ್ಪ ಎಂದೂ ಊಟಕ್ಕೆ ಕೂತವನಲ್ಲ. ಇನ್ನೊಂದು, ಬಣ್ಣ ಮುಂದಕ್ಕೆ ಮಾತ್ರ. ಸಣ್ಣವಳಿದ್ದಾಗ ಹಂಸದ ಬೆನ್ನಿಗೂ ಬಣ್ಣ ಬಳಿಯಲು ಹೋಗಿದ್ದೆ. ಅಪ್ಪ ಕುಂಚ ಕಸಿದುಕೊಂಡ.

"ಹಿಂದ ಯಾರು ನೋಡ್ತಾರವ್ವ?"

ಹೋದ ವರ್ಷ ಅದೇ ಅಪ್ಪ ಹೊಸ್ತಿಲು ಎಡವತೊಡಗಿದ. ಬಾಗಿಲ ಪಕ್ಕದಲ್ಲಿ ನಿಂತವರನ್ನು ಕಾಣದೆ ಡಿಕ್ಕಿ ಹೊಡೆಯುತ್ತಿದ್ದ. ವಯಸ್ಸಾಯಿತು, ಕನ್ನಡಕ ಬದಲಿಸಿದರೆ ಆಯಿತು ಎಂದು ದಾವಣಗೆರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಮೆತ್ತಗಿನ ದನಿಯಲ್ಲಿ ಗಟ್ಟಿ ಸುದ್ದಿ ಹೇಳಿದಳು. ಕಣ್ಣಿನೊಳಗಿನ ಒತ್ತಡದಿಂದ ನರ ಒಣಗಿದೆ, ಈಗ ಅವರಿಗೆ ಕೊಳವೆಯೊಳಗಿಂದ ನೋಡಿದಷ್ಟೇ ಕಾಣುತ್ತದೆ, ಹೋದದ್ದು ಬರುವುದಿಲ್ಲ, ಹನಿ ಹಾಕಿ ಉಳಿದದ್ದನ್ನು ಆದಷ್ಟು ದಿನ ಕಾಪಾಡಿಕೊಳ್ಳಿ ಎಂದಳು. ಎಷ್ಟು ದಿನ ಎಂದು ಕೇಳಿದೆ. ಅದನ್ನು ಯಾರೂ ಹೇಳಲಾರರು ಎಂದಳು.

ಬಸ್‌ಸ್ಟ್ಯಾಂಡಿಗೆ ನಡೆದು ಬರುವಾಗ ಒಂದು ಕಾಲೇಜಿನ ಮೈದಾನದಲ್ಲಿ ಹುಡುಗರು ಗುಂಪುಗೂಡಿದ್ದರು. ಒಬ್ಬ ಕೈಯಲ್ಲಿ ರಿಮೋಟು ಹಿಡಿದಿದ್ದ, ಮೇಲೆ ಬಿಳಿ ವಿಮಾನವೊಂದು ಹಾರುತ್ತಿತ್ತು. ಅಪ್ಪನಿಗೆ ಸದ್ದು ಕೇಳಿಸಿತು, ವಿಮಾನ ಕಾಣಿಸಲಿಲ್ಲ. ಅದು ಇಳಿದು ಹುಲ್ಲಿನ ಮೇಲೆ ಜಾರಿ ನಿಂತ ಮೇಲೆ ಹತ್ತಿರ ಹೋಗಿ, ಯಾರನ್ನೂ ಕೇಳದೆ ರೆಕ್ಕೆಯನ್ನು ಉಗುರಿನಿಂದ ಒತ್ತಿ ನೋಡಿದ.

"ಸುಕ್ಕಿ, ಇದು ನಮ್ಮ ಮಾಲು ಐತಲ್ಲ."

ಹೌದು, ಅದು ಥರ್ಮಾಕೋಲೇ. ನಾವು ತಿಪ್ಪೆಗೆ ಹಾಕುವ ಅದೇ ಥರ್ಮಾಕೋಲು ಈಗಷ್ಟೇ ಆಕಾಶದಿಂದ ಇಳಿದು ಬಂದಿತ್ತು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಬಸ್ಸಿನಲ್ಲಿ ಅಪ್ಪ ಕಣ್ಣಿನ ಮಾತೇ ಎತ್ತಲಿಲ್ಲ. ನಮ್ಮ ಹರಪನಹಳ್ಳಿ ಸೀಮೆಯ ಅರಸೀಕೆರೆ ದಾಟಿದ ಮೇಲೆ ಒಂದೇ ಮಾತು ಹೇಳಿದ.

"ಕಣ್ಣು ಪೂರಾ ಹೋಗೋದ್ರೊಳಗ ನಮ್ಮ ಕೈಲಿಂದ ಮಾಡಿದ್ದು ಒಂದು ಹಾರೋದು ನೋಡಬೇಕವ್ವ."

ಅಪ್ಪ ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತೆ.

ಮರುದಿನವೇ ಫಿರೋಜನನ್ನು ಕರೆಸಿದೆ. ನಮ್ಮ ಮಂಟಪಗಳಿಗೆ ಸೀರಿಯಲ್ ಸೆಟ್ಟು, ಫೋಕಸ್ ಲೈಟು ಹಾಕುವವನು ಅವನೇ. ವೈರು ಕಂಡರೆ ಹಸಿದವನು ಬಿರಿಯಾನಿ ಕಂಡ ಹಾಗೆ ಮಾಡುತ್ತಾನೆ. ಹೊಸ ವಿಮಾನ ಕೊಳ್ಳುವ ಮಾತು ನಮ್ಮಂಥವರಿಗಲ್ಲ. ಆ ಕಾಲೇಜು ಹುಡುಗರಿಂದ ಹಳೆಯ ರಿಮೋಟೊಂದನ್ನು ಅರ್ಧ ಬೆಲೆಗೆ ತಂದ. ಒಂದು ಮೋಟಾರು, ಅದರ ವೇಗ ಏರಿಸಿ ಇಳಿಸುವ ಪುಟ್ಟ ಹಲಗೆ, ಒಂದು ಬ್ಯಾಟರಿ, ಬಾಲದ ಪಟ್ಟಿಗಳನ್ನು ಎಳೆಯುವ ಹೆಬ್ಬೆರಳಿನಷ್ಟು ಸಣ್ಣ ಸರ್ವೋ ಎರಡು, ಇಷ್ಟನ್ನು ಮಾತ್ರ ದುಡ್ಡು ಕೊಟ್ಟು ತರಿಸಿದೆವು. ಉಳಿದದ್ದೆಲ್ಲ ಮನೆಯ ಸಾಮಾನು. ಸೈಕಲ್ಲಿನ ಕಡ್ಡಿ ಎಳೆತಂತಿಯಾಯಿತು, ಹಳೆಯ ಎಟಿಎಂ ಕಾರ್ಡು ಕತ್ತರಿಸಿ ಕೊಂಡಿ ಮಾಡಿದೆವು, ಚಪ್ಪರದ ಬಿದಿರು ಸೀಳಿ ರೆಕ್ಕೆಯೊಳಗೆ ಬೆನ್ನೆಲುಬು ಇಟ್ಟೆವು. ಥರ್ಮಾಕೋಲು ಹೊಳಲು ಊರಿನ ಮದುವೆಯೊಂದರ ಹಂಸದ್ದು. ಈ ಸಲ ತಿಪ್ಪೆಗೆ ಬಿಡದೆ ಟಂಟಂ ಆಟೋದಲ್ಲಿ ಹೇರಿಕೊಂಡು ಬಂದಿದ್ದೆ.

ರೆಕ್ಕೆಯನ್ನು ಅಪ್ಪನೇ ಕೊಯ್ದ. ವರ್ಷದಿಂದ ತಂತಿ ಮುಟ್ಟಿರಲಿಲ್ಲ. ಎರಡೂ ತುದಿಗೆ ಪ್ಲೈವುಡ್ಡಿನ ಅಚ್ಚು ಅಂಟಿಸಿಕೊಟ್ಟೆ, ಮೇಲೆ ಉಬ್ಬು, ಕೆಳಗೆ ಚಪ್ಪಟೆ. ಬಿಲ್ಲಿನ ಒಂದು ಕಡೆ ಅವನು, ಇನ್ನೊಂದು ಕಡೆ ನಾನು. ಅವನು ಕಣ್ಣು ಮುಚ್ಚಿಕೊಂಡೇ ಎಳೆದ. ತಂತಿ ಎಲ್ಲೂ ನಿಲ್ಲಲಿಲ್ಲ, ಎಲ್ಲೂ ಜಗ್ಗಲಿಲ್ಲ. ನನಗೆ ಇವತ್ತಿಗೂ ಹಾಗೆ ಎಳೆಯಲು ಬರುವುದಿಲ್ಲ.

ಕೊಯ್ದ ರೆಕ್ಕೆಯನ್ನು ಫಿರೋಜ್ ನಮ್ಮ ದೊಡ್ಡ ಪೆಡೆಸ್ಟಲ್ ಫ್ಯಾನಿನ ಮುಂದೆ ಹಿಡಿಯಲು ಹೇಳಿದ. ಹಿಡಿದೆ. ರೆಕ್ಕೆ ನನ್ನ ಕೈಯನ್ನು ಎತ್ತತೊಡಗಿತು. ಗಾಳಿ ಮುಂದಿನಿಂದ ಬರುತ್ತಿತ್ತು, ರೆಕ್ಕೆ ಮಾತ್ರ ಹಿಂದಕ್ಕೆ ಹೋಗುವ ಬದಲು ಮೇಲಕ್ಕೆ ಹೋಗುತ್ತಿತ್ತು. ಇಷ್ಟು ವರ್ಷ ಈ ಫ್ಯಾನು, ಈ ಥರ್ಮಾಕೋಲು, ಈ ತಂತಿ ಒಂದೇ ಕೋಣೆಯಲ್ಲಿದ್ದವು. ಇವುಗಳ ನಡುವೆ ಇಂಥದ್ದೊಂದು ಅಡಗಿ ಕೂತಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ರೆಕ್ಕೆಯನ್ನು ಅಪ್ಪನ ಕೈಗೆ ಕೊಟ್ಟೆ. ಬಹಳ ಹೊತ್ತು ಹಿಡಿದುಕೊಂಡು ನಿಂತ. ಫ್ಯಾನು ಆರಿಸಿದರೆ ಹಚ್ಚು ಎಂದ.

ಹಾರಿಸುವುದನ್ನು ನಾನೂ ಫಿರೋಜನೂ ಮೊಬೈಲಿನ ವಿಮಾನದ ಆಟದಲ್ಲಿ ಒಂದು ತಿಂಗಳು ಕಲಿತೆವು. ವಿಮಾನ ನಮ್ಮ ಕಡೆ ತಿರುಗಿ ಬರುವಾಗ ಅದರ ಎಡ ನಮಗೆ ಬಲವಾಗುತ್ತದೆ, ಫಿರೋಜ್ ಅಲ್ಲಿಯೇ ಪ್ರತಿ ಸಲ ನೆಲಕ್ಕೆ ಕುಕ್ಕುತ್ತಿದ್ದ. ನನಗೆ ಅದು ಕಷ್ಟವೆನಿಸಲಿಲ್ಲ. ಮಂಟಪದ ಹಿಂದೆ ಏಣಿ ಹತ್ತಿ ಅಕ್ಷರ ಕಟ್ಟುವಾಗ ಮುಂದಿನಿಂದ ಅಪ್ಪ ಎಡಕ್ಕ ಎಂದರೆ ನನ್ನ ಕೈ ತಾನಾಗಿಯೇ ಬಲಕ್ಕೆ ಹೋಗಿ ಇಪ್ಪತ್ತೆರಡು ವರ್ಷವಾಯಿತು. ಹಾಗಾಗಿ ರಿಮೋಟು ನನ್ನ ಪಾಲಿಗೆ ಬಂತು.

ಸಂಕ್ರಾಂತಿ ಕಳೆದ ವಾರ ಬೆಳಿಗ್ಗೆ ಕೂಡ್ಲಿಗಿ ರಸ್ತೆಯ ಪಕ್ಕ, ಶೇಂಗಾ ಕಿತ್ತು ಬೋಳಾದ ಓಬಳೇಶನ ಹೊಲಕ್ಕೆ ಹೋದೆವು. ಓಬಳೇಶನ ಮಗಳ ಮದುವೆಗೆ ಮಂಟಪ ಹಾಕಿದ್ದು ನಾವೇ, ಇಲ್ಲವೆನ್ನಲಿಲ್ಲ. ಹೂ ಹೊದಿಸಿದ ತೇರಿನ ಹಾಗೆ ಸಿಂಗರಿಸಿದ್ದೆ ವಿಮಾನವನ್ನು. ಮೈತುಂಬ ಬಣ್ಣ, ಪಕ್ಕಕ್ಕೆ ಚಿನ್ನದ ಅಕ್ಷರದಲ್ಲಿ ಕರಿಸಿದ್ದಪ್ಪ ಡೆಕೋರೇಟರ್ಸ್. ಬ್ಯಾಟರಿಯೇ ಅದರಲ್ಲಿ ಎಲ್ಲಕ್ಕಿಂತ ತೂಕದ್ದು. ಅದನ್ನು ಎಲ್ಲಿಡಬೇಕೆಂದು ಫಿರೋಜ್ ಕೇಳಿದ್ದಕ್ಕೆ, ಇದೂ ಕೇಳುವ ಮಾತೇ ಎಂದು ಗದರಿ, ಅಪ್ಪ ಕಲಿಸಿದ ಹಾಗೆ ಬಾಲದ ಹತ್ತಿರ ಕಟ್ಟಿದ್ದೆ.

ಫಿರೋಜ್ ಎಸೆದ. ವಿಮಾನ ಎರಡಾಳು ಎತ್ತರ ಹೋಗಿ ಮೂಗು ಮೇಲೆ ಮಾಡಿತು, ಬಾಲದ ಮೇಲೆ ನೆಟ್ಟಗೆ ನಿಂತಿತು, ಒಂದು ಕ್ಷಣ ಯೋಚನೆ ಮಾಡಿತು, ಬೆನ್ನ ಮೇಲೆ ದಬಕ್ಕನೆ ಬಿತ್ತು. ರೆಕ್ಕೆ ಉಳಿಯಿತು, ಮೂಗು ಪುಡಿಯಾಯಿತು. ಮಂಟಪ ನೆಲದ ಮೇಲೆ ನಿಲ್ಲುತ್ತದೆ, ವಿಮಾನಕ್ಕೆ ನೆಲವಿಲ್ಲ. ಅಷ್ಟೂ ಹೊಳೆಯಲಿಲ್ಲ ನನ್ನ ತಲೆಗೆ. ಆದರೆ ನನ್ನ ಎದೆ ಒಡೆದದ್ದು ಅದಕ್ಕಲ್ಲ. ಅಪ್ಪ ಇನ್ನೂ ಬೇರೆ ದಿಕ್ಕಿಗೆ, ಜಾಲಿಗಿಡಗಳ ಮೇಲೆ, ಕತ್ತೆತ್ತಿ ಹುಡುಕುತ್ತಿದ್ದ.

"ಹಾರೈತೇನ?" ಎಂದು ಕೇಳಿದ.

ಬಿತ್ತು ಎಂದೆ. ಇನ್ನೊಮ್ಮೆ ಮಾಡೋಣ ಎಂದ, ಮಂಟಪದ ಗೂಟ ಕಿತ್ತುಬಂದರೆ ಹೇಳುತ್ತಿದ್ದ ಹಾಗೆ. ವಿಮಾನ ಚೆನ್ನಾಗಿ ಹಾರಿದ್ದರೂ ಅವನಿಗೆ ಕಾಣುತ್ತಿರಲಿಲ್ಲ ಎಂಬುದು ಆಗ ನನಗೆ ಅರ್ಥವಾಯಿತು. ಅಷ್ಟು ದೊಡ್ಡ ಆಕಾಶ, ಅವನ ಹತ್ತಿರ ಇದ್ದದ್ದು ಅಷ್ಟು ಸಣ್ಣ ಕೊಳವೆ.

ಹದಿನೈದು ದಿನ ಮತ್ತೆ ಕೂತೆವು. ಹೊಸ ಮೂಗು ಕೊಯ್ದು ಅಂಟಿಸಿ, ಬ್ಯಾಟರಿಯನ್ನು ಅದರೊಳಗೆ ಸೇರಿಸಿ, ರೆಕ್ಕೆಯ ಕೆಳಗೆ ಎರಡು ಬೆರಳು ಕೊಟ್ಟು ಎತ್ತಿದರೆ ವಿಮಾನ ಅತ್ತ ಇತ್ತ ವಾಲದೆ ನಿಲ್ಲುವ ತನಕ ಸರಿಸಿದೆವು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ, ಭಾರ ಹೆಚ್ಚೆಂದು ಫಿರೋಜ್ ಪಕ್ಕದ ಅಕ್ಷರಗಳನ್ನು ಬಿಟ್ಟು ನನ್ನ ಸಿಂಗಾರವನ್ನೆಲ್ಲ ಕೆರೆದು ಹಾಕಿದ. ಎಲ್ಲ ಮುಗಿದ ಮೇಲೆ ಬೆಳ್ಳಿಯ ಹಾಗೆ ಹೊಳೆಯುವ ಬೇಗಡೆ ಕಾಗದ ತೆಗೆದು ರೆಕ್ಕೆಯ ಕೆಳಭಾಗಕ್ಕೆ ಅಳತೆ ಹಿಡಿದೆ.

"ಅಕ್ಕಾ, ತೂಕ ಆಗ್ತೈತ್ರಿ. ಕೆಳಗ ಯಾಕ ಬೇಕ್ರಿ?" ಎಂದ ಫಿರೋಜ್.

ಪಕ್ಕದಲ್ಲಿ ಉಳಿದಿದ್ದ ಚಿನ್ನದ ಅಕ್ಷರಗಳನ್ನು, ನಮ್ಮ ಅಂಗಡಿಯ ಹೆಸರನ್ನು, ಒಂದೊಂದಾಗಿ ಕಿತ್ತು ಅವನ ಕೈಗಿಟ್ಟೆ. ತಕ್ಕಡಿ ಸರಿಹೋಯಿತು. ಅಪ್ಪನಿಗೆ ಹೇಳಬೇಡ ಎಂದೆ.

ಎರಡನೆಯ ಸಲ ಹೋದಾಗ ಗಾಳಿಯೇ ಇರಲಿಲ್ಲ. ಸೂರ್ಯ ಹುಟ್ಟಿ ಒಂದು ಮಾರು ಏರಿದ್ದ. ಅಪ್ಪನನ್ನು ಸೂರ್ಯನಿಗೆ ಬೆನ್ನು ಮಾಡಿಸಿ ಪಡುವಣಕ್ಕೆ ನಿಲ್ಲಿಸಿದೆ. ಫಿರೋಜ್ ನಾಲ್ಕು ಹೆಜ್ಜೆ ಓಡಿ ಎಸೆದ.

ವಿಮಾನ ಸ್ವಲ್ಪ ಕುಸಿಯಿತು, ಶೇಂಗಾದ ಮಣ್ಣಿಗೆ ತಾಗಿಯೇ ಬಿಟ್ಟಿತು ಅನ್ನುವಷ್ಟರಲ್ಲಿ ಎದ್ದಿತು. ಎದ್ದದ್ದು ಬೀಳಲಿಲ್ಲ. ಜಾಲಿಗಿಡ ದಾಟಿತು, ಕರೆಂಟಿನ ಕಂಬ ದಾಟಿತು. ನಾನು ರಿಮೋಟಿನ ಕಡ್ಡಿಯನ್ನು ಕೂದಲಿನಷ್ಟು ಸರಿಸಿದರೆ ಅಲ್ಲಿ, ಅಷ್ಟು ಮೇಲೆ, ಅದು ನನ್ನ ಮಾತು ಕೇಳಿ ವಾಲುತ್ತಿತ್ತು. ನನ್ನ ಕಾಲು ನೆಲದ ಮೇಲಿದೆಯೋ ಇಲ್ಲವೋ ತಿಳಿಯಲಿಲ್ಲ. ಹೊಳಲಿನಲ್ಲಿ ಯಾವುದೋ ಗಂಡು ಹೆಣ್ಣಿನ ಪಕ್ಕ ಒಂದು ದಿನ ನಿಂತು ತಿಪ್ಪೆ ಸೇರಬೇಕಿದ್ದ ಹಂಸ ಅದು. ಅದರ ಕೆಳಗೆ ಇಡೀ ಹೊಲ, ರಸ್ತೆ, ರಸ್ತೆಯ ಮೇಲಿನ ಬಸ್ಸು ಸಣ್ಣದಾಗಿ ಕಾಣುತ್ತಿರಬಹುದು ಎನ್ನಿಸಿ ನನಗೆ ಉಸಿರು ಕಟ್ಟಿತು. ದೇವರ ಮುಂದೆ ನಿಂತಾಗಲೂ ನನಗೆ ಹಾಗಾದದ್ದಿಲ್ಲ, ಸುಳ್ಳು ಯಾಕೆ ಹೇಳಲಿ.

"ಎಲ್ಲೈತವ್ವ?" ಎಂದ ಅಪ್ಪ.

ಬ್ಯಾಟರಿ ಆರು ನಿಮಿಷದ್ದು, ಎರಡು ಕಳೆದಿತ್ತು. ಫಿರೋಜ್ ಓಡಿ ಬಂದು ಅಪ್ಪನ ಹಿಂದೆ ನಿಂತ. ಕಾಕಾ, ಸಿಟ್ಟಾಗಬ್ಯಾಡ್ರಿ ಎಂದು ಹೇಳಿ ಅವನ ತಲೆಯನ್ನು ಎರಡೂ ಕೈಯಿಂದ ಹಿಡಿದ. ಮದುವೆಯಲ್ಲಿ ಹೆಣ್ಣು ಬರುವಾಗ ಫೋಕಸ್ ಲೈಟನ್ನು ತಿರುಗಿಸುವ ಹಾಗೆ ವಿಮಾನದ ಹಿಂದೆ ಹಿಂದೆಯೇ ಆ ತಲೆಯನ್ನು ತಿರುಗಿಸತೊಡಗಿದ. ಬಿಳಿ ಮೋಡದ ಮೇಲೆ ಬಿಳಿ ವಿಮಾನ. ಅಪ್ಪ ಇಲ್ಲ, ಇಲ್ಲ ಎನ್ನುತ್ತಲೇ ಇದ್ದ.

ನಮ್ಮ ಕಡೆಗೆ ತಿರುಗಿಸಿದರೆ ವಿಮಾನದ ಬೆನ್ನು ಕಾಣುತ್ತದೆ. ಹೊಟ್ಟೆ ಕಾಣಬೇಕಾದರೆ ನಮ್ಮಿಂದ ಆಚೆಗೆ ತಿರುಗಿಸಬೇಕು. ಆಚೆ ಹೋದದ್ದು ಮರಳಿ ಬರುವಷ್ಟು ಬ್ಯಾಟರಿ ಉಳಿಯದಿದ್ದರೆ ಜಾಲಿಮುಳ್ಳಿನಲ್ಲಿ ಅಷ್ಟೂ ಚಿಂದಿ. ಇನ್ನೊಂದು ಮೋಟಾರು, ಇನ್ನೊಂದು ರಿಮೋಟು ನಮ್ಮ ಕೈಗೆ ಯಾವಾಗ ಬರುತ್ತಿತ್ತೋ, ಅಷ್ಟರಲ್ಲಿ ಅಪ್ಪನ ಕೊಳವೆ ತೆರೆದಿರುತ್ತಿತ್ತೋ ಇಲ್ಲವೋ. ಫಿರೋಜ್ ಬೇಡ ಎಂದು ತಲೆಯಾಡಿಸುವುದು ಕಂಡಿತು. ನಾನು ಕಡ್ಡಿಯನ್ನು ಪೂರ್ತಿ ಒತ್ತಿದೆ.

ವಿಮಾನ ಪಡುವಣದಲ್ಲಿ ಮಗ್ಗುಲಾಯಿತು. ಇಡೀ ಹೊಟ್ಟೆ ಸೂರ್ಯನಿಗೆ ಸಿಕ್ಕಿತು. ಆಕಾಶದಲ್ಲಿ ಬೆಳ್ಳಿಯ ತಟ್ಟೆಯೊಂದು ಫಳಾರನೆ ಹೊಳೆದು ನನ್ನ ಕಣ್ಣೇ ಕುಕ್ಕಿತು.

ಅಪ್ಪನ ತಲೆ ಫಿರೋಜನ ಕೈಯಿಂದ ಬಿಡಿಸಿಕೊಂಡು ತಾನಾಗಿಯೇ ತಿರುಗತೊಡಗಿತು. ವಿಮಾನ ಹೋದ ಕಡೆಗೇ, ಅದೇ ವೇಗದಲ್ಲಿ. ಅವನ ಬಾಯಿ ತೆರೆದಿತ್ತು. ಎಂಥೆಂಥ ಮಂಟಪ ಕಟ್ಟಿದಾಗಲೂ ಇಷ್ಟೇನ ಎನ್ನುತ್ತಿದ್ದ ಮನುಷ್ಯ ಅವನು. ಎರಡೂ ಕೈಯನ್ನು ಮೆಲ್ಲಗೆ ಎತ್ತಿದ, ಫ್ಯಾನಿನ ಮುಂದೆ ರೆಕ್ಕೆ ಹಿಡಿದು ನಿಂತಿದ್ದನಲ್ಲ, ಹಾಗೆ. ಆಮೇಲೆ ಕೇಳಿದ. ದನಿ ಅವನದೇ ಅನ್ನಿಸಲಿಲ್ಲ.

"ಹಿಂದ ಬೇಗಡಿ ಹಚ್ಚೀಯೇನವ್ವ?"

"ಹೂಂನಪ್ಪ," ಎಂದೆ. "ನೋಡೋರು ಅದಾರಲ್ಲ."

ಮೋಟಾರಿನ ಸದ್ದು ಸಣ್ಣದಾಗುತ್ತ ಬಂತು, ಫಿರೋಜ್ ಮೊಬೈಲು ನೋಡಿ ಇನ್ನೊಂದೇ ನಿಮಿಷ, ಇಳಿಸಿಬಿಡ್ರಿ ಎಂದ. ನಾನು ಇಳಿಸಲು ತಿರುಗಿಸುವುದರಲ್ಲಿದ್ದೆ. ಅಪ್ಪ ಮೇಲಿನಿಂದ ಕಣ್ಣು ತೆಗೆಯದೆ ನನ್ನ ಭುಜ ಹುಡುಕಿ ಕೈಯಿಟ್ಟ.

"ಇನ್ನೊಮ್ಮೆ ತೋರಿಸವ್ವ," ಎಂದ.

ತೋರಿಸಿದೆ.