ಅಮೋಗಸಿದ್ಧನ ಫೈಲುಗಳು

ಸೊಲ್ಲಾಪುರದ ಚಾದರ ಮಿಲ್ಲೊಂದರ ಕಚೇರಿಗೆ ಉಮಾಬಾಯಿ ಕೆಲಸಕ್ಕೆ ಸೇರಿದ್ದು ೧೯೮೯ರಲ್ಲಿ. ಬಟ್ಟೆ ವ್ಯಾಪಾರಿಗಳ ಮನೆಯ ಮಗಳು, ಪುಣೆಯಲ್ಲಿ ಕಂಪ್ಯೂಟರ್ ಕಲಿತು ಬಂದಿದ್ದಳು. ಅವಳು ಕೂತ ಕುರ್ಚಿ ಅದುವರೆಗೆ ಅಮೋಗಸಿದ್ಧನದಾಗಿತ್ತು. ಅಕ್ಕಲಕೋಟ ತಾಲೂಕಿನ ಕುರನೂರಿನವನು, ಕುರಿ ಸಾಕುವವರ ಮನೆಯಿಂದ ಕಚೇರಿ ಕೆಲಸಕ್ಕೆ ಬಂದ ಮೊದಲಿಗ. ಹಳೆಯ ಫೈಲುಗಳಿದ್ದ ಡಿಸ್ಕುಗಳನ್ನು ಕೆಡಿಸಿದನೆಂದು ಅವನನ್ನು ತೆಗೆದುಹಾಕಿದ್ದರು.

ಆ ಫೈಲುಗಳನ್ನು ತೆರೆದರೆ ಪರದೆಯ ತುಂಬ ಕಲಸುಮೇಲೋಗರ. ಊರಿನ ಹೆಸರಿನ ಜಾಗದಲ್ಲಿ ಗಿರಾಕಿಯ ಅರ್ಧ ಹೆಸರು, ಚಾದರದ ಬಣ್ಣದ ಜಾಗದಲ್ಲಿ ತಾರೀಖು. ಉಮಾಬಾಯಿಗೆ ಅನುಮಾನ ಬಂತು. ಡಿಸ್ಕು ಕೆಟ್ಟಿದ್ದರೆ ಅಕ್ಷರಗಳೇ ಅಳಿಸಿಹೋಗಬೇಕಿತ್ತು. ಇಲ್ಲಿ ಅಕ್ಷರಗಳೆಲ್ಲ ಇದ್ದವು, ಜಾಗ ಮಾತ್ರ ತಪ್ಪಿದ್ದವು. ವಿಚಾರಿಸಿದಾಗ, ಮುಂಬಯಿಯ ಕಂಪನಿಯವರು ಹೊಸ ಪ್ರೋಗ್ರಾಮ್ ಹಾಕಿಹೋದ ಮೇಲೇ ಇದು ಶುರುವಾದದ್ದೆಂದು ತಿಳಿಯಿತು. ಕಪಾಟಿನಿಂದ ಹಳೆಯ ಪ್ರೋಗ್ರಾಮ್ ಹುಡುಕಿ ಹಾಕಿದಳು. ಫೈಲುಗಳು ಒಂದೊಂದಾಗಿ ನೆಟ್ಟಗೆ ತೆರೆದುಕೊಂಡವು.

ಮ್ಯಾನೇಜರ್ ಸಾತಲಿಂಗಪ್ಪ ಬಂದು ಪರದೆ ನೋಡಿದರು.

“ಅಂವನ್ನ ವಾಪಸ್ ಕರೀರಿ ಸಾಹೇಬ್ರ,” ಎಂದಳು ಉಮಾಬಾಯಿ.

“ಮುಗದ ಹೋದ ಮಾತು ಬಾಯಿ. ಈಗ ಕರದ್ರ ತಪ್ಪು ನಮ್ಮದ ಅಂದಂಗ ಆಗ್ತದ.”

ರವಿವಾರ ಅವಳೇ ಅಕ್ಕಲಕೋಟಕ್ಕೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಕುರನೂರಿಗೆ ಬಂದಳು. ಅಮೋಗಸಿದ್ಧ ಹಟ್ಟಿಯ ಬೇಲಿ ಕಟ್ಟುತ್ತಿದ್ದ. ತಲೆ ಬೋಳಿಸಿಕೊಂಡಿದ್ದ. ಅವಳು ತಾನು ಯಾರೆಂದು ಹೇಳಿ, ನಡೆದದ್ದನ್ನೆಲ್ಲ ವಿವರಿಸಿದಳು.

“ಎಲ್ಲಾ ಫೈಲ್ ತೆರದಾವೇನ್ರಿ?” ಎಂದು ಕೇಳಿದ.

“ಎಲ್ಲಾ. ಒಂದ ಅಕ್ಷರ ಸುದ್ದಾ ಹೋಗಿಲ್ಲ.”

ಅವನು ಕೈಯಲ್ಲಿದ್ದ ಮುಳ್ಳುಕಂಟಿ ಕೆಳಗಿಟ್ಟ. “ಹೋದ ವಾರ ಬಂದಿದ್ರ ಅಪ್ಪ ಕೇಳ್ತಿದ್ದಾ,” ಎಂದ.

ತಾಯಿ ಸುಗಲಾಬಾಯಿ ಬಾಗಿಲಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಳು. “ಬೀರೋಬಾನ ಗುಡಿಯಾಗ ಆಣಿ ಮಾಡಿ ಹೇಳಿದಾ ಇಂವಾ. ಇವರಪ್ಪ ನಂಬಲಿಲ್ಲ. ಮಷೀನಿಗಿ ನಿನ್ನ ಮ್ಯಾಲ ಏನ ಸಿಟ್ಟು, ಅದ್ಯಾಕ ಸುಳ್ಳ ಹೇಳ್ತದ ಅಂದಾ. ಕಡೀ ತನಕಾ ಮಗನ ಕೂಡ ಮಾತಾಡಲಿಲ್ಲ.”

ಉಮಾಬಾಯಿ ಅಮೋಗಸಿದ್ಧನತ್ತ ತಿರುಗಿದಳು. “ಸೊಲ್ಲಾಪುರಕ್ಕ ಬರ್ರಿ. ಬ್ಯಾರೆ ಕಚೇರಿ ಅದಾವ. ನಾ ಬಂದು ಹೇಳ್ತೀನಿ,” ಎಂದಳು.

“ಬ್ಯಾಡ್ರಿ ಬಾಯಾರ. ಮನಸ್ಸಿಲ್ಲ.” ಕುರಿಗಳನ್ನು ಹೊರಗೆ ಬಿಟ್ಟು ಅವುಗಳ ಹಿಂದೆ ಬೋರಿ ಹೊಳೆಯತ್ತ ಹೊರಟುಹೋದ.

ಸುಗಲಾಬಾಯಿ ಅವಳಿಗೆ ರೊಟ್ಟಿ ಕೊಟ್ಟಳು. ಊಟವಾದ ಮೇಲೆ ಅವಳ ಕೈ ಹಿಡಿದುಕೊಂಡು, “ಓಣಿಯಾಗ ಹೇಳಿ ಹೋಗವ್ವಾ. ನಾ ಹೇಳಿದ್ರ ತಾಯಿ ಮಾತು ಅಂತಾರ,” ಎಂದಳು.

ಇಬ್ಬರೂ ಮೊದಲು ಸುಗಲಾಬಾಯಿಯ ಭಾವ ಭೀಮಣ್ಣನ ಮನೆಗೆ ಹೋದರು. ಮುದುಕ ಕಂಬಳಿಯ ಮೇಲೆ ಎದ್ದು ಕೂತ. ಹುಡುಗನದೇನೂ ತಪ್ಪಿರಲಿಲ್ಲವೆಂದು ಉಮಾಬಾಯಿ ಹೇಳತೊಡಗಿದಳು. ಸುಗಲಾಬಾಯಿ ಪಕ್ಕದಲ್ಲೇ ನಿಂತು, ಸೆರಗು ಬಾಯಿಗೊತ್ತಿಕೊಂಡು, ಮತ್ತೊಮ್ಮೆ ಮೊದಲಿಂದ ಕೇಳಿದಳು.