ಗೇಟಿನ ಬಾಯಿಗೆ ನಿಂತ ಜೀಪು

"ಎಲ್ಲಾರೂ ಒಮ್ಮೆಲೆ ನೂಕ್ರಿ... ಹೂಂ!"

ಹತ್ತು ಮಂದಿ ಹೆಗಲು ಕೊಟ್ಟರೂ ಜೀಪು ಮಿಸುಕಲಿಲ್ಲ. ಎಂಟು ವರ್ಷ ಗೇಟಿನ ಬಾಯಿಗೇ ನಿಂತು ಗಾಲಿಗಳು ನೆಲದಲ್ಲಿ ಹೂತಿದ್ದವು, ಬ್ರೇಕು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಇಷ್ಟು ದಿನ ಮನೆಯವರು ಅದರ ಪಕ್ಕದಲ್ಲಿ ಮೈ ಅಡ್ಡ ಮಾಡಿಕೊಂಡು ನುಸುಳುತ್ತಿದ್ದರು. ಆದರೆ ತೀರಿಹೋದ ಬಾಬಣ್ಣನನ್ನು, ಹೂವು ಹಾಕಿ ಶವದ ವಿಮಾನದಲ್ಲಿ ಕೂರಿಸಿದವನನ್ನು, ನಾಲ್ವರು ಹೊತ್ತು ನುಸುಳುವುದು ಹೇಗೆ?

"ಹಿತ್ತಲ ಗ್ವಾಡಿ ಒಡದ ಒಯ್ಯೂಣು," ಎಂದರು ಯಾರೋ.

"ಯಾಕ, ನಮ್ಮಣ್ಣೇನ ಕಳ್ಳನೇನು?" ಬಾಬಣ್ಣನ ತಮ್ಮ ಕಲ್ಲಪ್ಪ ಸಿಡುಕಿದ. "ತಲಬಾಗಿಲಾಗ ಬಂದಾಂವ, ತಲಬಾಗಿಲಾಗ ಹೋಗ್ತಾನ."

ಬಾಬಣ್ಣನ ಗೆಳೆಯ, ಗ್ಯಾರೇಜಿನ ಅಹ್ಮದಸಾಬ ಆಗಲೇ ಅಂಗಿ ತೋಳು ಮಡಚಿದ್ದ. "ಇದು ನೂಕಿದ್ರ ಬರೂ ಮಗಾ ಅಲ್ಲ. ಇಂಜಿನ್ ಚಾಲೂ ಮಾಡಿ ನಾಕೂ ಗಾಲಿಗೆ ಗೇರ್ ಹಾಕಿದ್ರ ಒಂದ ಜಗ್ಗಿಗೆ ಕಿತ್ಕೊಂಡ ಬರ್ತೈತಿ."

ಗಂಡನ ಪಕ್ಕದಲ್ಲಿ ಕುಳಿತಿದ್ದ ಲಕ್ಕವ್ವ ತಲೆ ಎತ್ತಿ ಮಗ್ಗದ ಕೋಣೆಯ ಕಡೆ ನೋಡಿದಳು. ಆ ಜೀಪು ಯಾಕೆ ಚಾಲೂ ಆಗುವುದಿಲ್ಲ ಎಂಬುದು ಭೂಮಿಯ ಮೇಲೆ ತನ್ನೊಬ್ಬಳಿಗೇ ಗೊತ್ತು ಎಂದು ಅವಳು ನಂಬಿದ್ದಳು.

* * *

ಹುನಗುಂದದ ಹರಾಜಿನಲ್ಲಿ ಹಿಡಿದ ಜೀಪು ಅದು. ಬಸ್ಸು ಮುಖ ಹಾಕದ ಕಡೆಗೆಲ್ಲ ಹೋಗುತ್ತಿತ್ತು. ಮರೋಳದ ನೀರಾವರಿ ಸಾಹೇಬರು, ಗುಡೂರಿನ ಬಾಣಂತಿ, ಕಲ್ಲು ಗಣಿಯ ಮುಕಾದಮ, ಎಲ್ಲರಿಗೂ ಬಾಬಣ್ಣನೇ ಬೇಕು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಲಕ್ಕವ್ವ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟುಕೊಂಡು ಗೊಣಗುತ್ತಿದ್ದಳು.

ಪ್ರತಿ ಸಂಜೆ ಅವನು ಬಾನೆಟ್ ಎತ್ತಿ, ಹೆಬ್ಬೆಟ್ಟಿನಷ್ಟು ಕರಿ ರೋಟರನ್ನು ಕಿತ್ತು ಅವಳ ಅಂಗೈಗೆ ಹಾಕುವನು. ಅದಿಲ್ಲದಿದ್ದರೆ ಪ್ಲಗ್ಗಿಗೆ ಕರೆಂಟಿಲ್ಲ, ಕಳ್ಳನಪ್ಪ ಬಂದರೂ ಜೀಪು ಒಯ್ಯಲಾರ. "ಇಟ್ಗೋ ಲಕ್ಕೀ," ಎನ್ನುವನು. ಇಂಜಿನ್ನಿನ ಬಿಸಿ ಇನ್ನೂ ಅದರಲ್ಲಿರುತ್ತಿತ್ತು. ದಿನಕ್ಕೊಮ್ಮೆ ಗಂಡನ ಕೈ ಅವಳ ಕೈಗೆ ತಾಗುತ್ತಿದ್ದುದು ಆಗಲೇ.

"ನನ್ನ ಬಾದಾಮಿಗೆ ಯಾವಾಗ ಕರ್ಕೊಂಡ ಹೋಗ್ತೀರಿ?"

"ಬರೂ ಸ್ವಾಮಾರ."

ತೊಂಬತ್ತೆಂಟರ ಒಂದು ಸೋಮವಾರ ಅವಳು ತಾನೇ ನೇಯ್ದ ಸೀರೆ ಉಟ್ಟು, ರೊಟ್ಟಿ ಗಂಟು ಕಟ್ಟಿ, ತಲೆಗೆ ಹೂವು ಮುಡಿದು ನಿಂತಿದ್ದಳು. ಅಷ್ಟರಲ್ಲಿ ಗಣಿಯಿಂದ ಕರೆ ಬಂತು. ಬಾಬಣ್ಣ ಕೈ ಚಾಚಿದ.

"ರೋಟರ ಕೊಡು."

"ನನ್ನ ಕಡೆ ಎಲ್ಲೈತ್ರಿ? ನಿನ್ನಿ ನೀವು ಕೊಟ್ಟೇ ಇಲ್ಲ."

ಅವನು ಅವಳ ಮುಖ ನೋಡಿದ, ಸೀರೆ ನೋಡಿದ, ಗಂಟು ನೋಡಿದ. "ಹಂಗಾದ್ರ ಎಲ್ಲೋ ಬಿದ್ದಿರಬೇಕು," ಎಂದು ಸುಮ್ಮನೆ ಕುಳಿತ. ಇನ್ನೊಂದು ಸಲ ಕೇಳಿದರೆ ಕೊಟ್ಟುಬಿಡುವುದೆಂದು ಅವಳು ಕಾದಳು. ಅವನು ಕೇಳಲಿಲ್ಲ. ದಿನ ಹೋಗಿ ವಾರವಾಯಿತು, ಸಿಟ್ಟು ಹೋಗಿ ನಾಚಿಕೆಯಾಯಿತು. ಅವನು ಬೇರೆಯವರ ಟೆಂಪೋ ಓಡಿಸುತ್ತ, ಸಂಜೆ ಜೀಪಿನ ಇಂಜಿನ್ ಒರೆಸುತ್ತ ಕೂರುತ್ತಿದ್ದ. ಹಾಸಿಗೆ ಹಿಡಿದ ಮೇಲೆ, ಎರಡು ವರ್ಷದಿಂದ ಅದೂ ನಿಂತಿತ್ತು.

* * *

ಅಹ್ಮದಸಾಬ ಪ್ಲಗ್ಗು ಉಜ್ಜಿದ, ತನ್ನ ಬೈಕಿನ ಪೆಟ್ರೋಲು ಸುರಿದ, ಟೆಂಪೋದ ಬ್ಯಾಟರಿ ತಂದು ಕಟ್ಟಿದ. ಕೊನೆಗೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಬೇಕೆಂದೇ ಲಕ್ಕವ್ವನ ಕಡೆ ನೋಡದೆ, "ರೋಟರ ಇಲ್ಲ," ಎಂದ. "ಈ ಮಾಡೆಲ್ಲಿಂದ ಈಗ ಹುಬ್ಬಳ್ಳಿಗೇ ಹೋಗಬೇಕು."

"ಹೊತ್ತ ಮುಳಗ್ತದಲ್ಲೋ!" ಕಲ್ಲಪ್ಪ ಹಣೆ ಹಣೆ ಬಡಿದುಕೊಂಡ.

ಲಕ್ಕವ್ವ ಎದ್ದಳು. "ಎಲ್ಲಿಗವ್ವಾ?" ಎಂದು ನೆರೆಮನೆಯ ಶಾರವ್ವ ಹಿಡಿದ ಕೈಯನ್ನು ಬಿಡಿಸಿಕೊಂಡು ಮಗ್ಗದ ಕೋಣೆಗೆ ಹೋಗಿ, ನೂಲಿನ ಕಂಡಿಕೆ ಇಡುವ ಡಬ್ಬಿ ತಂದು, ಎಲ್ಲರೆದುರು ಸುರಿದಳು. ಕೆಂಪು ಹಸಿರು ಕಂಡಿಕೆಗಳು ಅಂಗಳದ ತುಂಬ ಉರುಳಿದವು. ಅವುಗಳ ನಡುವೆ ಆ ಕರಿ ತುಣುಕು ಬಿತ್ತು.

"ನಾನ ಮುಚ್ಚಿಟ್ಟಿದ್ದೆ."

ಮೂಲೆಯಲ್ಲಿ ಹಾಡುತ್ತಿದ್ದ ಭಜನೆಯವರು ತಾಳ ಕೆಳಗಿಟ್ಟು ಅವಳ ಕಡೆ ತಿರುಗಿದರು.

"ಎಂಟ ವರ್ಷ!" ಕಲ್ಲಪ್ಪನ ದನಿ ಏರಿತು. "ನಮ್ಮಣ್ಣ ಅದರ ಮುಂದ ಹುಚ್ಚನಂಗ ಕುಂತಿರ್ತಿದ್ದ, ನೀ ನೋಡ್ಕೋತ ಇದ್ದೆಲ್ಲ!"

"ಸುಮ್ನಿರೋ ಕಲ್ಲಪ್ಪ. ಅವಂಗ ಗೊತ್ತಿತ್ತು." ಅಹ್ಮದಸಾಬ ರೋಟರು ಎತ್ತಿ ಅಂಗಿಗೆ ಒರೆಸಿದ. ಅವನ ಕಣ್ಣು ಒದ್ದೆಯಾಗಿತ್ತು. "ಆ ವರ್ಷನ ನಾ ಹೊಸಾದು ತಂದಿದ್ದೆ ಯಕ್ಕಾ. ಅಂವ ಮುಟ್ಟಲಿಲ್ಲ, ತಿರುಗಿ ಅಂಗಡಿಗೆ ಕೊಟ್ಟೆ. 'ಅಕಿ ಕಡೆ ಐತಿ, ಸಿಟ್ಟ ಇಳದ ದಿನ ತಾನ ಕೊಡ್ತಾಳ. ಅವತ್ತ ಅಕಿನ್ನ ಮುಂದ ಕೂಡಿಸ್ಕೊಂಡ ಬಾದಾಮಿಗೆ ಹೋಗ್ತೇನಿ' ಅಂದ."

ಲಕ್ಕವ್ವ ವಿಮಾನದ ಕಡೆ ತಿರುಗಿದಳು. ಬೆಳಗಿನಿಂದ ಬಾರದಿದ್ದ ಅಳು ಒಮ್ಮೆಲೇ ಬಂತು. "ಒಂದ ಸಲ ಕೇಳಬಾರದಿತ್ತೇನ್ರಿ? ಕೇಳಿದ್ರ ಕೊಡ್ತಿದ್ದೆನಲ್ರಿ!"

ಅಹ್ಮದಸಾಬ ರೋಟರು ಕೂರಿಸಿ ಹ್ಯಾಂಡಲ್ ಎರಡು ಸಲ ತಿರುಗಿಸಿದಾಗ ಇಂಜಿನ್ ಕೆಮ್ಮಿತು. ಮೂರನೆಯ ಸಲಕ್ಕೆ ಹಿಡಿಯಿತು. ಅಂಗಳದ ತುಂಬ ಹೊಗೆ ಎದ್ದಿತು. ಗಾಲಿಗಳು ನೆಲ ಕಿತ್ತುಕೊಂಡು ಮೇಲೆದ್ದವು, ಜೀಪು ಅಲುಗಾಡುತ್ತ ಬೀದಿಗೆ ಇಳಿಯಿತು. ಅದರ ಹಿಂದೆಯೇ ಬಾಬಣ್ಣ ತಲೆಬಾಗಿಲಿನಿಂದ ಹೊರಗೆ ಬಂದ.

ಅಹ್ಮದಸಾಬ ಜೀಪನ್ನು ಬೀದಿಯ ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ರೂಢಿಯಂತೆ ರೋಟರು ಕಿತ್ತ. ಯಾರ ಕೈಗೆ ಕೊಡಬೇಕೆಂದು ಒಂದು ಗಳಿಗೆ ನಿಂತು, ಲಕ್ಕವ್ವನ ಹತ್ತಿರ ಬಂದ.

"ಇಟ್ಗೋ ಯಕ್ಕಾ."

ಅದು ಬಿಸಿಯಾಗಿತ್ತು. ಆರಿಹೋಗದಂತೆ ಮುಷ್ಟಿ ಬಿಗಿಹಿಡಿದು, ಅದನ್ನು ಸೆರಗಿನೊಳಗೆ ಇಟ್ಟುಕೊಂಡು, ಲಕ್ಕವ್ವ ವಿಮಾನದ ಹಿಂದೆ ನಡೆದಳು.