ಜೇಬಿನಲ್ಲಿದ್ದ ಕೆಂಪು ಬಟ್ಟೆ

ನಮ್ಮ ಶೆಡ್ಡಿನಲ್ಲಿ ಒಂದೇ ಕಟ್ಟುನಿಟ್ಟಿನ ನಿಯಮ: ಹೆಲಿಕಾಪ್ಟರಿನ ಯಾವ ಭಾಗದ ಕೆಲಸ ಅರ್ಧ ಆಗಿದೆಯೋ ಅಲ್ಲಿ ಕೆಂಪು ಬಟ್ಟೆ ನೇತಾಡಬೇಕು. ಕೆಲಸ ಮುಗಿದ ಮೇಲೆ ಮೆಕ್ಯಾನಿಕ್ಕೇ ಅದನ್ನು ಬಿಚ್ಚಬೇಕು. ಇಪ್ಪತ್ತು ವರ್ಷದಿಂದ ಎಲ್ಲರಿಗೂ ಈ ಪಾಠ ಹೇಳಿ ತಲೆ ತಿಂದವನು ನಾನೇ.

ಆ ಬೆಳಿಗ್ಗೆ ಬಾಲದ ಮುಚ್ಚಳ ಕೂರಿಸಿ, ಬೋಲ್ಟುಗಳನ್ನು ಬೆರಳಲ್ಲಿ ತಿರುಗಿಸಿ ಬಿಟ್ಟಿದ್ದೆ. ಇನ್ನು ಸ್ಪ್ಯಾನರ್ ಹಾಕಬೇಕು, ಅಷ್ಟರಲ್ಲಿ ಅಮ್ಮನ ಫೋನು. ತಂಗಿ ತಿಂಡಿ ತಿಂದಳಾ ಅಂತ! ಪೈಲಟ್ ಆದರೂ ಅಮ್ಮನಿಗೆ ಅವಳಿನ್ನೂ ಪಾಪು. ಮಾತಾಡುತ್ತಾ ಆಚೆ ಹೋದವನು ಆಫೀಸಿನಲ್ಲಿ ಯಾವುದೋ ಕಾಗದಕ್ಕೆ ಸಿಕ್ಕಿಹಾಕಿಕೊಂಡೆ. ಮುಚ್ಚಳ ಮರೆತೇಹೋಯಿತು.

ತಂಗಿ ಹೆಲಿಕಾಪ್ಟರನ್ನು ಒಂದು ಸುತ್ತು ನೋಡಿ ಹಾರಿಸಿಕೊಂಡು ಹೋದಳು.

ಆರನೇ ನಿಮಿಷಕ್ಕೆ ರೇಡಿಯೋದಲ್ಲಿ ಅವಳ ದನಿ. "ಅಣ್ಣಾ, ಹಿಂದೆ ಏನೋ ಕಳಚ್ಕೊಂಡು ಬಾಲದ ರೆಕ್ಕೆಗೆ ಬಡಿದಿದೆ. ಪೆಡಲ್ ಒತ್ತಿದ್ರೂ ಬಾಲ ಮಾತು ಕೇಳ್ತಿಲ್ಲ."

ಬೆವರು ಒರೆಸಲು ಜೇಬಿಗೆ ಕೈ ಹಾಕಿದೆ. ಕೈಗೆ ಬಂದದ್ದು ಕೆಂಪು ಬಟ್ಟೆ. ಬಾಲಕ್ಕೆ ಕಟ್ಟಬೇಕಾದದ್ದನ್ನು ಫೋನ್ ಎತ್ತುವಾಗ ಎಣ್ಣೆಗೈ ಒರೆಸಿಕೊಂಡು ಜೇಬಿಗೆ ತುರುಕಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

"ವೇಗ ಇಳಿಸ್ಬೇಡ," ಎಂದೆ. "ಬಯಲು ಕಾಣ್ತಿದ್ಯಾ?"

"ಕಾಣ್ತಿದೆ."

"ಜಾರಿಸ್ಕೊಂಡು ಇಳಿಸು. ಗಾಳಿಯಲ್ಲಿ ನಿಲ್ಲಿಸೋಕೆ ಹೋದ್ರೆ ಗಿರಗಿರ ಸುತ್ತಿಬಿಡುತ್ತೆ."

ಆಮೇಲೆ ದನಿಯಿಲ್ಲ. ಬರೀ ಗರಗರ. ನಾನು ಯಾವ್ಯಾವ ದೇವರಿಗೆ ಕೈ ಮುಗಿದೆನೋ ನನಗೇ ಗೊತ್ತಿಲ್ಲ.

"ಇಳಿದೆ ಅಣ್ಣ."

ಶೆಡ್ಡಿನವರೆಲ್ಲ ಜೀಪಿನಲ್ಲಿ ಧಾವಿಸಿದೆವು. ಹೆಲಿಕಾಪ್ಟರ್ ಒಂದು ಪಕ್ಕಕ್ಕೆ ವಾಲಿತ್ತು, ಅವಳ ಹಣೆ ಸ್ವಲ್ಪ ತರಚಿತ್ತು. ನಮ್ಮ ಮುಖ್ಯಸ್ಥ ಬಂದವನೇ ಅವಳ ಮೇಲೆ ಹರಿಹಾಯ್ದ. "ಹಾರೋ ಮೊದಲು ಕಣ್ಣು ಎಲ್ಲಿಟ್ಟಿದ್ದೆ? ಲೈಸೆನ್ಸ್ ಹೋಯ್ತು ಅಂತ ತಿಳ್ಕೋ!"

"ಕೆಂಪು ಬಟ್ಟೆ ಇರ್ಲಿಲ್ಲ ಸಾರ್. ಅಣ್ಣನ ಕೆಲಸ, ಅನುಮಾನ ಪಡಲಿಲ್ಲ."

ಅವನು ನನ್ನತ್ತ ತಿರುಗಿದ. ಬಟ್ಟೆ ಕಟ್ಟಿದ್ದೆ ಅಂತ ಸುಳ್ಳು ಹೇಳಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಜೇಬಿನಿಂದ ಬಟ್ಟೆ ತೆಗೆದು ಹಿಡಿದೆ. "ಬೋಲ್ಟ್ ಬಿಗಿ ಮಾಡಿರ್ಲಿಲ್ಲ. ತಪ್ಪು ನಂದು."

ತಂಗಿ ಬಟ್ಟೆ ಕಸಿದುಕೊಂಡು, ಮುಚ್ಚಳವಿಲ್ಲದ ಬಾಲಕ್ಕೆ ಕಟ್ಟಲು ಹೋದಳು. ಎಣ್ಣೆ ಹತ್ತಿದ ಬಟ್ಟೆಯ ಗಂಟು ಎರಡು ಸಲ ಜಾರಿತು. ನಾನು ಕೈ ಚಾಚಿದೆ.

"ಮುಟ್ಬೇಡ," ಎಂದಳು.